ಹೊಗೆ ಹೋಗೋ ದಾರಿ ಮುಚ್ಚಬೇಡಿ: ಮಲೆನಾಡಿನ ಹಳೇ ಮನೆಗಳ ಹೊಗೆಕೊಳವೆ ರಿಪೇರಿ

(ಕೈಕೆಲಸದವರು ತಮ್ಮ ಕೆಲಸದ ಬಗ್ಗೆ ತಾವೇ ಮಾತಾಡುವ ನಮ್ಮ ಪಾಡ್‌ಕಾಸ್ಟ್‌ನ ಈ ಕಂತಿನ ಬರಹರೂಪ ಇಲ್ಲಿದೆ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.)

ನಾನು ಗಾರೆ ಕೆಲಸದವನು. ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ತಾಲೂಕಿನ ಹಳೇ ಮನೆಗಳಲ್ಲಿ ಒಲೆ ಕಟ್ಟೋದು, ಹೊಗೆಕೊಳವೆ ಕೂರಿಸೋದು, ಕೂರಿಸಿದ್ದು ಕೆಟ್ಟರೆ ರಿಪೇರಿ ಮಾಡೋದು ನನ್ನ ಕೆಲಸ. ಮೈಕ್ ಮುಂದೆ ಕೂತು ಅಭ್ಯಾಸ ಇಲ್ಲ. ಎಲ್ಲಾದರೂ ತಡವರಿಸಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಮೊದಲು ಒಂದು ಪದದ ವಿಷಯ. ನಮ್ಮ ಕಡೆ ಹಳಬರ ಹತ್ತಿರ ಹೋಗಿ "ಚಿಮಣಿ ಕೊಡಿ" ಅಂದ್ರೆ ಸೀಮೆಎಣ್ಣೆ ಬುಡ್ಡಿ ತಂದು ಕೊಡ್ತಾರೆ. ಸೀಮೆಎಣ್ಣೆಗೇ ಚಿಮಣಿ ಎಣ್ಣೆ ಅಂತಾರೆ. ಬೆಂಗಳೂರಿಂದ ಬಂದ ಮಗ "ಚಿಮಣಿ ಹಾಕಿಸ್ಬೇಕು" ಅಂದ್ರೆ ಅದು ಗ್ಯಾಸ್ ಒಲೆ ಮೇಲೆ ಬುಸ್ ಅನ್ನೋ ಸ್ಟೀಲ್ ಡಬ್ಬಿ. ನಾನು ರಿಪೇರಿ ಮಾಡೋದು ಈ ಎರಡೂ ಅಲ್ಲ. ಕಟ್ಟಿಗೆ ಒಲೆಯಿಂದ ಹೊರಟು ಮಾಡು ದಾಟಿ ಆಕಾಶಕ್ಕೆ ಬಾಯಿ ಬಿಡುತ್ತಲ್ಲ, ಆ ಕೊಳವೆ. ಅದಕ್ಕೆ ಇವತ್ತು ಹೊಗೆಕೊಳವೆ ಅಂತಲೇ ಹೇಳ್ತೀನಿ.

"ಈಗೆಲ್ಲ ಗ್ಯಾಸ್ ಬಂದಿದೆಯಲ್ಲ, ಕಟ್ಟಿಗೆ ಒಲೆ ಯಾರು ಉರಿಸ್ತಾರೆ?" ಅಂತ ನಿಮಗೆ ಅನ್ನಿಸಬಹುದು. ಗ್ಯಾಸ್ ಬಂದಿರೋದು ನಿಜ. 2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಇನ್ನೂ ಹೆಚ್ಚು ಮನೆಗೆ ಬಂತು. ಆದರೆ ಮಲೆನಾಡಿನ ಬಚ್ಚಲು ಮನೆಗೆ ಹೋಗಿ ನೋಡಿ. ಹಂಡೆ ಕೂತೇ ಇದೆ. ತೋಟದಲ್ಲಿ ಸೋಗೆ, ಹಾಳೆ, ಅಡಿಕೆ ಸಿಪ್ಪೆ, ಒಣಗಿದ ಕೊಂಬೆ ಎಲ್ಲ ಬಿದ್ದಿರುವಾಗ ಸ್ನಾನದ ನೀರಿಗೆ ಯಾರೂ ಸಿಲಿಂಡರ್ ಖರ್ಚು ಮಾಡಲ್ಲ. ಮಳೆಗಾಲದಲ್ಲಿ ಕರೆಂಟು ಹೋದ್ರೆ ಗೀಸರ್ ಗೋಡೆಗೆ ನೇತುಹಾಕಿದ ಡಬ್ಬಿ ಅಷ್ಟೇ. ಆಗುಂಬೆ ಇರೋದು ತೀರ್ಥಹಳ್ಳಿ ತಾಲೂಕಲ್ಲಿ, ಹುಲಿಕಲ್ಲು ಇರೋದು ಹೊಸನಗರ ತಾಲೂಕಲ್ಲಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್‌ಗೂ ಹೆಚ್ಚು ಮಳೆ. ಅಂಥ ಊರಲ್ಲಿ ಬಿಸಿನೀರಿನ ಹಂಡೆ ಅಂದ್ರೆ ಮನೆಯ ಒಬ್ಬ ಸದಸ್ಯ ಇದ್ದ ಹಾಗೆ.

ಹಳೇ ಮನೆ ಹೇಗೆ ಉಸಿರಾಡ್ತಿತ್ತು?

ನಮ್ಮ ಅಜ್ಜಂದಿರ ಮನೆಗಳಲ್ಲಿ ಹೆಚ್ಚಿನ ಕಡೆ ಹೊಗೆಕೊಳವೆಯೇ ಇರಲಿಲ್ಲ. ಹಾಗಂತ ಹೊಗೆ ಹೋಗೋಕೆ ದಾರಿ ಇರಲಿಲ್ಲ ಅಂತಲ್ಲ. ಇಡೀ ಮಾಡೇ ದಾರಿ. ಪಕಾಸಿನ ಮೇಲೆ ರೀಪು, ರೀಪಿನ ಮೇಲೆ ಹಂಚು. ಹಂಚು ಒಂದರ ಮೇಲೊಂದು ಕೂರುತ್ತೆ ಹೊರತು ಅಂಟಿಕೊಳ್ಳಲ್ಲ. ಆ ಸಂದಿಗಳಲ್ಲಿ ಹೊಗೆ ನಿಧಾನಕ್ಕೆ ಸೋರಿ ಹೋಗ್ತಿತ್ತು. ಬಾಸೆಲ್ ಮಿಶನ್‌ನವರು ಮಂಗಳೂರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಆಮೇಲೆ ಆ ಹಂಚು ಘಟ್ಟ ಹತ್ತಿ ನಮ್ಮ ಮನೆಗಳ ಮೇಲೂ ಕೂತಿತು. ಹಂಚಿನ ಮಾಡು ಗೊತ್ತಿಲ್ಲದವರು ಕುಪ್ಪಳಿಯ ಕವಿಮನೆಗೆ ಹೋದಾಗ ಒಂದು ನಿಮಿಷ ತಲೆ ಎತ್ತಿ ನೋಡಿ, ಅರ್ಥ ಆಗುತ್ತೆ.

ಆ ಹೊಗೆಗೂ ಕೆಲಸ ಇತ್ತು. ಅಟ್ಟದ ಮರಕ್ಕೆ ಹುಳ ಬೀಳ್ತಿರಲಿಲ್ಲ. ಬಿತ್ತನೆ ಬೀಜ ಒಲೆ ಮೇಲೆ ನೇತಾಡ್ತಿತ್ತು. ಜಡಿಮಳೆಯಲ್ಲಿ ಹಣ್ಣಾಗೋ ಉಪ್ಪಾಗೆ ಒಣಗ್ತಿದ್ದದ್ದೇ ಬೆಂಕಿಯ ಮೇಲೆ. ಆದರೆ ಈ ಲಾಭದ ಲೆಕ್ಕದಲ್ಲಿ ಒಂದು ಖರ್ಚನ್ನು ಯಾರೂ ಬರೀತಿರಲಿಲ್ಲ. ಹೊಗೆ ಮಾಡಿಗೆ ತಲುಪೋ ಮೊದಲು ಒಲೆ ಮುಂದೆ ಕೂತವರ ಎದೆ ಹೊಕ್ಕು ಹೋಗ್ತಿತ್ತು. ಅಜ್ಜಿಯ ಕೆಮ್ಮಿಗೆ "ವಯಸ್ಸಾಯ್ತಲ್ಲ" ಅಂತಿದ್ವಿ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಲ್ಲಿ ಸುಮಾರು 32 ಲಕ್ಷ ಜನ ಸತ್ತರು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅದರಲ್ಲಿ 5 ವರ್ಷ ತುಂಬದ ಮಕ್ಕಳೇ 2 ಲಕ್ಷಕ್ಕೂ ಹೆಚ್ಚು.

ಅಸ್ತ್ರ ಒಲೆ ಬಂತು

ನಮ್ಮ ಕಡೆ ಹೊಗೆಕೊಳವೆ ಮನೆಮಾತಾಗಿದ್ದು ಅಸ್ತ್ರ ಒಲೆಯಿಂದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರು 'ಅಸ್ತ್ರ' ಅನ್ನೋ ವಿಭಾಗ ಕಟ್ಟಿದರು. ಹಳ್ಳಿಗೆ ಬೇಕಾದ ತಂತ್ರಜ್ಞಾನ ಮಾಡೋದೇ ಅದರ ಉದ್ದೇಶ. ಕುಣಿಗಲ್ ತಾಲೂಕಿನ ಉಂಗ್ರದಲ್ಲಿ ಅವರ ಕೇಂದ್ರ ಇತ್ತು. 1980ರ ದಶಕದಲ್ಲಿ ಅಲ್ಲಿನ ವಿಜ್ಞಾನಿಗಳು ಮೂರು ಪಾತ್ರೆ ಕೂರೋ ಒಲೆ ರೂಪಿಸಿದರು. ಬೆಂಕಿ ಮುಚ್ಚಿದ ಗೂಡಲ್ಲಿ ಉರಿಯುತ್ತೆ, ಕೆಳಗೆ ಸರಳಿನ ಜಾಲರಿ, ಬಿಸಿಗಾಳಿ ಒಂದಾದ ಮೇಲೊಂದು ಪಾತ್ರೆಯ ತಳ ಸವರಿಕೊಂಡು ಕೊನೆಗೆ ಕೊಳವೆ ಹತ್ತುತ್ತೆ. ಹಳೇ ಒಲೆಯಲ್ಲಿ ಕಟ್ಟಿಗೆಯ ಶಾಖದಲ್ಲಿ ಪಾತ್ರೆಗೆ ಸೇರ್ತಿದ್ದದ್ದು ಶೇ. 10ರಷ್ಟು. ಇದರಲ್ಲಿ ಪ್ರಯೋಗ ಮಾಡಿದಾಗ ಶೇ. 40ರ ಆಸುಪಾಸು ಬಂತು.

ಒಲೆ ಚೆನ್ನಾಗಿತ್ತು. ಆದರೆ ಕಟ್ಟಿಕೊಟ್ಟವರು ಹೋದ ಮೇಲೆ ನೋಡಿಕೊಳ್ಳೋರು ಬೇಕಲ್ಲ? ಸುಧಾರಿತ ಒಲೆಗಳಿಗಾಗಿ ಕೇಂದ್ರ ಸರ್ಕಾರದ ಕಾರ್ಯಕ್ರಮವೂ ಇತ್ತು, 2002ಕ್ಕೆ ಅದು ನಿಂತಿತು. ಕೊಳವೆ ಮಸಿ ಕಟ್ಟಿತು, ಟೋಪಿ ಗಾಳಿಗೆ ಹಾರಿತು, ಪಾತ್ರೆ ಬದಲಾಯ್ತು. ಒಲೆಯ ಬಾಯಿಗೆ ಸರಿಯಾಗಿ ಕೂರ್ತಿದ್ದ ಪಾತ್ರೆ ತೆಗೆದು ಸಣ್ಣ ಕುಕ್ಕರ್ ಇಟ್ಟರೆ ಸುತ್ತಲಿನ ಸಂದಿಯಿಂದ ತಣ್ಣನೆ ಗಾಳಿ ನುಗ್ಗುತ್ತೆ, ಕೊಳವೆಯ ಸೆಳೆತ ಸಾಯುತ್ತೆ. ನನ್ನನ್ನು ಕರೆಸಿ "ಅಸ್ತ್ರ ಒಲೆ ಹೊಗೆ ಹಾಕ್ತದೆ, ಒಡೆದು ಬಿಸಾಕು" ಅಂದ ಎಷ್ಟೋ ಮನೆಯಲ್ಲಿ ಒಲೆಯ ತಪ್ಪೇ ಇರಲಿಲ್ಲ. ಕೊಳವೆಯೊಳಗೆ ಅಳಿಲು ಗೂಡು ಕಟ್ಟಿತ್ತು, ಇಲ್ಲ ಕುಕ್ಕರ್ ಸಣ್ಣದಿತ್ತು.

ನಾನೇ ಮಾಡಿದ ತಪ್ಪು

ಈಗ ನಾನು ಇವತ್ತು ಮಾತಾಡೋಕೆ ಒಪ್ಪಿಕೊಂಡ ಕಾರಣಕ್ಕೆ ಬರ್ತೀನಿ. ಇದು ನಮ್ಮ ಮನೆಯ ಕತೆ. ತಪ್ಪು ಮಾಡಿದವನು ನಾನೇ.

ಏಳೆಂಟು ವರ್ಷದ ಹಿಂದೆ ನಮ್ಮ ಬಚ್ಚಲು ಮನೆಯ ಹಂಚು ತೆಗೆದು ತಾರಸಿ ಹಾಕಿದೆ. ನೆಲಕ್ಕೆ ಟೈಲ್ಸ್, ಪ್ಲಾಸ್ಟಿಕ್ ಬಾಗಿಲು, ಗಾಜಿನ ಕಿಟಕಿ. ಊರೋರೆಲ್ಲ "ಪೇಟೆ ಬಚ್ಚಲು" ಅಂತ ಹೊಗಳಿದರು. ಹಂಡೆ, ಒಲೆ ಅಲ್ಲೇ ಒಳಗೇ ಇತ್ತು. ಹೊಗೆಗೆ ಅಂತ ತಾರಸಿಯಲ್ಲಿ ತೂತು ಬಿಟ್ಟು ಒಂದು ಗಿಡ್ಡ ಕೊಳವೆ ನಿಲ್ಲಿಸಿದ್ದೆ. ಬೇರೆಯವರ ಮನೆ ಕೆಲಸ ಆದ ಮೇಲೆ ನಮ್ಮದನ್ನು ಎತ್ತರಿಸೋಣ, ಟೋಪಿ ಹಾಕೋಣ ಅಂತಿತ್ತು. ಗಾರೆಯವನ ಮನೆ ಕೆಲಸ ಯಾವತ್ತೂ ಕೊನೆಗೇ ಅಲ್ವಾ?

ಆರಿದ್ರಾ ಮಳೆ ಹಿಡೀತು. ಕೊಳವೆಯಿಂದ ಮಳೆನೀರು ಇಳಿದು ಒಲೆಯಲ್ಲಿ ಬೆಂಕಿ ನಿಲ್ತಾನೇ ಇರಲಿಲ್ಲ. ಅಮ್ಮ ಹೇಳಿದರು, "ಅಪ್ಪಿ, ಅದಕ್ಕೊಂದು ಎಂತಾದ್ರೂ ಮಾಡು ಮಾರಾಯ." ನಾನು ತಾರಸಿ ಹತ್ತಿ, ಕೊಳವೆ ಬಾಯಿಗೆ ಒಂದು ಹಳೇ ತಗಡು ಮುಚ್ಚಿ, ಮೇಲೆ ಕಲ್ಲು ಹೇರಿ ಇಳಿದೆ. ಒಂದು ಬದಿಗೆ ಎರಡು ಬೆರಳು ಸಂದಿ ಬಿಟ್ಟಿದ್ದೆ. "ಎರಡು ದಿನ ಅಷ್ಟೇ ಅಮ್ಮ, ಮಳೆ ಹೊಳವಾದ ಕೂಡ್ಲೆ ಸರಿ ಮಾಡ್ತೀನಿ" ಅಂದೆ. ಗಾಳಿಗೆ ತಗಡು ಸರಿದು ಆ ಸಂದಿಯೂ ಮುಚ್ಚಿಕೊಂಡಿದ್ದು ನನಗೆ ಗೊತ್ತಾಗಲಿಲ್ಲ.

ಮೂರನೇ ದಿನ ಸಂಜೆ ಅಮ್ಮ ಸ್ನಾನಕ್ಕೆ ಹೋದರು. ಉರಿ ಇಳಿದು ಕೆಂಡ ಆಗಿತ್ತು. ಹೊಗೆ ಕಾಣ್ತಿರಲಿಲ್ಲ. ಚಳಿ ಅಂತ ಬಾಗಿಲು, ಕಿಟಕಿ ಎರಡೂ ಹಾಕ್ಕೊಂಡಿದ್ರು. ತಂಗಿ ಹೊರಗಿಂದ ಕೂಗಿದಳು, ಉತ್ತರ ಇಲ್ಲ. ಚೊಂಬು ಬಿದ್ದ ಶಬ್ದ ಕೇಳಿತು. ನಾನು ಓಡಿ ಬಂದು ಬಾಗಿಲು ಒದ್ದೆ. ಅಮ್ಮ ಗೋಡೆಗೆ ಒರಗಿದ ಹಾಗೆ ಬಿದ್ದಿದ್ದರು. ಅಂಗಳಕ್ಕೆ, ಮಳೆಯಲ್ಲೇ, ಕಂಬಳಿ ಸುತ್ತಿ ಎತ್ತಿಕೊಂಡು ಬಂದ್ವಿ. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟರು, ವಾಂತಿ ಮಾಡಿಕೊಂಡರು. ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು. ಬದುಕಿಕೊಂಡರು. ತಲೆನೋವು ಮಾತ್ರ ವಾರಗಟ್ಟಲೆ ಬಿಡಲಿಲ್ಲ.

ಅಮ್ಮ ಆಮೇಲೆ ಕೇಳಿದ್ದು ಒಂದೇ ಮಾತು: "ಹೊಗೆಯೇ ಇರಲಿಲ್ಲವಲ್ಲೋ?"

ನೀವು ಇವತ್ತು ಬೇರೆ ಏನೂ ನೆನಪಿಟ್ಟುಕೊಳ್ಳದಿದ್ರೂ ಪರವಾಗಿಲ್ಲ, ಇದೊಂದು ನೆನಪಿಡಿ. ಹೊಗೆ ಇಲ್ಲ ಅಂದ್ರೆ ವಿಷ ಇಲ್ಲ ಅಂತಲ್ಲ. ಗಾಳಿ ಸಾಲದೆ ಉರಿಯೋ ಕಟ್ಟಿಗೆ, ಅದರಲ್ಲೂ ಕೆಂಡ, ಕಾರ್ಬನ್ ಮಾನಾಕ್ಸೈಡ್ ಬಿಡುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತೆ. ತಲೆನೋವು, ತಲೆ ಸುತ್ತು, ವಾಕರಿಕೆ, ಆಮೇಲೆ ಮಂಪರು. ಮಂಪರು ಬಂದ ಮೇಲೆ ಎದ್ದು ಬಾಗಿಲು ತೆಗೆಯೋಕೂ ಆಗಲ್ಲ. ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸ್ತಿದ್ದ ಆಕ್ಸಿಮೀಟರ್ ನಂಬಬೇಡಿ. ಇಂಥ ಹೊತ್ತಲ್ಲಿ ಅದು ಎಲ್ಲ ಸರಿ ಇದೆ ಅನ್ನೋ ಹಾಗೆ ತೋರಿಸಬಹುದು. ಯಾರಾದರೂ ಬಚ್ಚಲಲ್ಲಿ ಹೀಗೆ ಬಿದ್ದಿದ್ರೆ ಬಾಗಿಲು ತೆಗೆದು, ಉಸಿರು ಬಿಗಿಹಿಡಿದು, ತಕ್ಷಣ ಹೊರಗಿನ ಗಾಳಿಗೆ ಎಳ್ಕೊಂಡು ಬನ್ನಿ. 108ಕ್ಕೆ ಫೋನ್ ಮಾಡಿ. ಎಚ್ಚರ ಆದ್ರೂ ಆಸ್ಪತ್ರೆಗೆ ಹೋಗಲೇಬೇಕು, "ಒಲೆ ಉರೀತಿತ್ತು" ಅಂತ ವೈದ್ಯರಿಗೆ ಹೇಳಲೇಬೇಕು.

ರಿಪೇರಿ ಅಂದ್ರೆ ಏನೇನು?

ಆ ದಿನದಿಂದ ನಾನು ಯಾವ ಮನೆಗೆ ಹೋದ್ರೂ ಮೊದಲು ಒಂದು ಊದುಬತ್ತಿ ಹಚ್ತೀನಿ. ಒಲೆಯಲ್ಲಿ ಸಣ್ಣ ಬೆಂಕಿ ಮಾಡಿ, ಐದು ನಿಮಿಷ ಬಿಟ್ಟು, ಊದುಬತ್ತಿಯನ್ನು ಒಲೆಯ ಬಾಯಿಗೆ ಹಿಡೀತೀನಿ. ಹೊಗೆ ಒಳಗೆ ಎಳೆದುಕೊಂಡರೆ ಕೊಳವೆ ಉಸಿರಾಡ್ತಿದೆ. ನಿಮ್ಮ ಮುಖದ ಕಡೆ ಬಂದರೆ ಎಲ್ಲೋ ಕಟ್ಟಿದೆ. ಇದನ್ನು ನೀವೂ ಮಾಡಬಹುದು, ಎರಡು ರೂಪಾಯಿ ಖರ್ಚಿಲ್ಲ.

ಎರಡನೇದು ಮಸಿ. ಮಾಡಿನಿಂದ ನೇತಾಡೋ ಕಪ್ಪು ಎಳೆಗೆ ನಾವು ಇಲ್ಲಣ ಅಂತೀವಲ್ಲ, ಕೊಳವೆಯೊಳಗೆ ಕಟ್ಟೋದು ಅದಕ್ಕಿಂತ ಹಟಮಾರಿ. ಹಸಿ ಕಟ್ಟಿಗೆ ಉರಿಸಿದ್ರೆ ಡಾಂಬರಿನ ಥರ ಅಂಟುತ್ತೆ, ಕೊನೆಗೆ ಅದಕ್ಕೇ ಬೆಂಕಿ ಹಿಡಿಯಬಹುದು. ಹಗ್ಗಕ್ಕೆ ಗೋಣಿಚೀಲದ ಉಂಡೆ ಕಟ್ಟಿ, ಕೆಳಗೊಂದು ಕಲ್ಲಿನ ಭಾರ ಕೊಟ್ಟು, ಮೇಲಿಂದ ಇಳಿಸಿ ಎಳೆದು ಮಾಡಿದ್ರೆ ಮಸಿ ಉದುರುತ್ತೆ. ಒಲೆ ಪೂರ್ತಿ ತಣ್ಣಗಾಗಿರಬೇಕು, ಬಾಯಿಗೆ ಬಟ್ಟೆ ಕಟ್ಟಿರಬೇಕು. ಮಳೆಗಾಲಕ್ಕೆ ಮೊದಲು ಒಮ್ಮೆ, ಅಡಿಕೆ ಕೊಯ್ಲಿಗೆ ಮೊದಲು ಒಮ್ಮೆ, ವರ್ಷಕ್ಕೆ ಎರಡು ಸಲ ಮಾಡಿ. ಕಟ್ಟಿಗೆಯನ್ನು ಮಾತ್ರ ಬೇಸಿಗೆಯಲ್ಲೇ ಒಣಗಿಸಿ ಕೊಟ್ಟಿಗೆಗೆ ಸೇರಿಸಿ.

ಮೂರನೇದು ಎತ್ತರ. ಕೊಳವೆ ಎಳೆಯೋದು ಬಿಸಿಗಾಳಿ ಹಗುರ ಅನ್ನೋ ಕಾರಣಕ್ಕೆ. ಬಿಸಿಗಾಳಿಯ ಕಂಬ ಎತ್ತರ ಇದ್ದಷ್ಟೂ ಸೆಳೆತ ಜಾಸ್ತಿ, ಒಂದೊಂದು ತಿರುವಿಗೂ ಸೆಳೆತ ಕಡಿಮೆ. ಕೊಳವೆಯ ಬಾಯಿ ಮಾಡಿನ ನೆತ್ತಿಗಿಂತ ಎರಡು ಅಡಿ ಮೇಲಿರಲಿ. ಇಲ್ಲದಿದ್ರೆ ಗಾಳಿ ಮಾಡಿಗೆ ಬಡಿದು ಮಗುಚಿ ಹೊಗೆಯನ್ನು ವಾಪಸ್ ಒಳಗೆ ತಳ್ಳುತ್ತೆ.

ನಾಲ್ಕನೇದು ಟೋಪಿ. ನಾನು ಎಡವಿದ್ದು ಇಲ್ಲೇ. ಮಳೆ ತಡೆಯೋಕೆ ಟೋಪಿ ಬೇಕೇ ಬೇಕು, ಆದರೆ ಅದು ಕೊಡೆ ಥರ ಇರಬೇಕು, ಮುಚ್ಚಳದ ಥರ ಅಲ್ಲ. ನಾಲ್ಕು ಇಂಚಿನ ಕೊಳವೆ ಆದ್ರೆ ಬಾಯಿಗೂ ಟೋಪಿಗೂ ನಡುವೆ ನಾಲ್ಕು ಇಂಚು ಜಾಗ ಬಿಡಿ. ಟೋಪಿಯನ್ನು ಮೂರು ಕಾಲಿನ ಮೇಲೆ ಬೋಲ್ಟ್ ಹಾಕಿ ಕೂರಿಸಿ. ಕಲ್ಲು ಹೇರೋದು, ತಗಡು ಮುಚ್ಚೋದು, ಪ್ಲಾಸ್ಟಿಕ್ ಕಟ್ಟೋದು ಬೇಡ. "ಎರಡು ದಿನ ಅಷ್ಟೇ" ಅನ್ನೋದಂತೂ ಬೇಡವೇ ಬೇಡ.

ಐದನೇದು ಕುತ್ತಿಗೆ, ಅಂದ್ರೆ ಕೊಳವೆ ಮಾಡು ದಾಟೋ ಜಾಗ. ನಮ್ಮ ಮಳೆಗೆ ಸೋರೋದೇ ಇಲ್ಲಿ. ಸೋರಿತು ಅಂತ ಸಿಮೆಂಟ್ ಮೆತ್ತುತ್ತಾರೆ. ಕೊಳವೆ ಬಿಸಿಗೆ ಹಿಗ್ಗಿ ಕುಗ್ಗಿ ಆಗ್ತಾ ಒಂದೇ ವರ್ಷಕ್ಕೆ ಅದು ಬಿರುಕು ಬಿಡುತ್ತೆ. ತಗಡಿನ ಪಟ್ಟಿಯನ್ನು ಮೇಲಿನ ಸಾಲಿನ ಹಂಚಿನ ಅಡಿಗೆ, ಕೆಳಗಿನ ಸಾಲಿನ ಹಂಚಿನ ಮೇಲೆ ಬರೋ ಹಾಗೆ ಕೂರಿಸಬೇಕು. ನೀರು ಹಂಚಿನಿಂದ ಹಂಚಿಗೆ ಇಳಿಯೋ ಕ್ರಮದಲ್ಲೇ ಪಟ್ಟಿಯ ಮೇಲೂ ಇಳಿದು ಹೋಗುತ್ತೆ. ತಾರಸಿ ಆದ್ರೆ ತೂತಿನ ಸುತ್ತ ಅರ್ಧ ಅಡಿ ಕಟ್ಟೆ ಕಟ್ಟಿ. ಮರದ ಪಕಾಸು, ರೀಪು ಕೊಳವೆಗೆ ತಾಗಲೇಬಾರದು. ತಗಡಿನ ಕೊಳವೆಗೆ ಒಂದು ಮೊಳ ದೂರ ಇಡಿ, ಜಾಗ ಇಲ್ಲದಿದ್ರೆ ನಡುವೆ ಗಾಳಿ ಆಡೋ ಹಾಗೆ ಇನ್ನೊಂದು ಹೊರಕೊಳವೆ ಹಾಕಿಸಿ.

ಒಂದು ಎಚ್ಚರಿಕೆ. ಹಳೇ ಬೂದು ಬಣ್ಣದ ಸಿಮೆಂಟ್ ಪೈಪ್ ಇದೆಯಲ್ಲ, ಅದರಲ್ಲಿ ಹೆಚ್ಚಿನವು ಕಲ್ನಾರಿನವು. ಅದನ್ನು ಗರಗಸದಲ್ಲಿ ಕೊಯ್ಯೋದು, ಒಣಗಿದ್ದಾಗ ಉಜ್ಜೋದು ಮಾಡಬೇಡಿ. ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಒದ್ದೆ ಮಾಡಿ, ಒಡೆಯದೆ ಇಡಿಯಾಗಿ ಇಳಿಸಬೇಕು. ಪಿವಿಸಿ ಪೈಪ್ ಹಾಕೋರೂ ಇದ್ದಾರೆ, ಬಿಸಿಗೆ ಅದು ಸೊಟ್ಟಗಾಗಿ ಕರಗುತ್ತೆ.

ಆರನೇದು, ಒಳಗೆ ಬರೋ ಗಾಳಿ. ಕೊಳವೆ ಎಷ್ಟು ಗಾಳಿ ಹೊರಗೆ ಹಾಕುತ್ತೋ ಅಷ್ಟು ಒಳಗೆ ಬರಬೇಕು. ಬಾಗಿಲ ಕೆಳಗೆ ಸಂದಿ, ಗೋಡೆಯಲ್ಲಿ ಮುಚ್ಚೋಕೆ ಬಾರದ ಕಿಂಡಿ ಎರಡೂ ಇರಲಿ. ಅಡುಗೆಮನೆಗೆ ಜೋರು ಎಕ್ಸಾಸ್ಟ್ ಫ್ಯಾನ್ ಹಾಕಿ ಕಿಟಕಿ ಮುಚ್ಚಿದ್ರೆ, ಆ ಫ್ಯಾನು ಒಲೆಯ ಕೊಳವೆಯಿಂದಲೇ ಹೊಗೆಯನ್ನು ಕೆಳಗೆ ಎಳೆಯುತ್ತೆ. ಎಲ್ಲಕ್ಕಿಂತ ಒಳ್ಳೇ ರಿಪೇರಿ ಅಂದ್ರೆ ಬಚ್ಚಲ ಒಲೆಯ ಬಾಯಿಯನ್ನೇ ಹೊರಗೋಡೆಗೆ ತಿರುಗಿಸೋದು. ಬೆಂಕಿ ಹೊರಗೆ, ಹಂಡೆ ಒಳಗೆ, ನಡುವಿನ ಗೋಡೆಯಲ್ಲಿ ಒಂದು ಬಿರುಕೂ ಇರಬಾರದು. ನಮ್ಮ ಮನೆಯಲ್ಲಿ ಈಗ ಹಾಗೇ ಇದೆ.

ಗೋಡೆಗೆ ಗೋಡೆ ಅಂಟಿದ ಮನೆ

ಪೇಟೆಯ ಹಳೇ ಬೀದಿಗಳ ಬಗ್ಗೆಯೂ ಹೇಳಬೇಕು. ಅಲ್ಲಿ ಗೋಡೆಗೆ ಗೋಡೆ ಅಂಟಿಸಿ ಸಾಲಾಗಿ ಕಟ್ಟಿದ ಮನೆಗಳಿವೆ. ನಡುವಿನ ಗೋಡೆ ಎಷ್ಟೋ ಕಡೆ ಅಟ್ಟದ ಎತ್ತರಕ್ಕೇ ನಿಲ್ಲುತ್ತೆ, ಅದರ ಮೇಲೆ ಮಾಡು ಒಂದೇ. ನಿಮ್ಮ ಒಲೆಯ ಹೊಗೆ ಪಕ್ಕದ ಮನೆಯ ತೊಟ್ಟಿಲ ಮೇಲೆ ಇಳೀತಿರಬಹುದು. ಹಿಂದೆ ಇಬ್ಬರ ಮಾಡೂ ಸಂದಿ ಬಿಟ್ಟಿದ್ದಾಗ ನಡೀತಿತ್ತು. ಈಗ ಒಬ್ಬರು ಹಂಚಿನಡಿ ಶೀಟ್ ಹೊಡೆಸ್ತಾರೆ, ಇನ್ನೊಬ್ಬರು ಫಾಲ್ಸ್ ಸೀಲಿಂಗ್ ಮಾಡಿಸ್ತಾರೆ. ದಾರಿ ಮುಚ್ಚಿದ ಹೊಗೆ ಸಿಕ್ಕ ಕಡೆ ನುಗ್ಗುತ್ತೆ. ಇಂಥ ಮನೆಯಲ್ಲಿ ಕೊಳವೆ ಕೆಲಸ ಅಂದ್ರೆ ಇಬ್ಬರೂ ಕೂತು ಮಾತಾಡಿ ಮಾಡಬೇಕಾದ ಕೆಲಸ.

ಹೋಂಸ್ಟೇ ಮಾಡೋ ನನ್ನ ವಯಸ್ಸಿನವರಿಗೂ ಒಂದು ಮಾತು. ಹಂಡೆ ಸ್ನಾನದ ರೀಲ್ಸ್ ಚೆನ್ನಾಗಿ ಓಡ್ತದೆ, ನಾನೂ ನೋಡಿದ್ದೇನೆ. ಆದರೆ ಆ ಬಚ್ಚಲಿಗೆ ಬರೋ ಅತಿಥಿಗೆ ಒಲೆ ಗೊತ್ತಿಲ್ಲ, ಚಳಿ ಅಂತ ಚಿಲಕ ಹಾಕ್ಕೊಳ್ತಾನೆ. ಅವನನ್ನು ಕಳಿಸೋ ಮೊದಲು ನೀವೊಮ್ಮೆ ಊದುಬತ್ತಿ ಹಿಡಿದು ನೋಡಿ.

ಕೊಳವೆ ಹಾಕಿದ ಮೇಲೆ ಒಂದು ನಷ್ಟವೂ ಇದೆ, ಮುಚ್ಚಿಡಲ್ಲ. ಹೊಗೆ ತಾಗದ ಮರಕ್ಕೆ ಹುಳ ಬೀಳುತ್ತೆ. ಅದಕ್ಕೆ ಪಕಾಸು, ರೀಪಿಗೆ ಬೇಸಿಗೆಯಲ್ಲಿ ಗೇರೆಣ್ಣೆ ಬಳಿಸಿ. ಮರ ಉಳಿಸೋಕೆ ಅಮ್ಮನ ಎದೆಗೆ ಹೊಗೆ ಕೊಡೋ ಕಾಲ ಮುಗೀಲಿ.

ಕೇಳ್ತಿರೋ ನಿಮ್ಮಲ್ಲಿ ಬಹಳ ಜನ ಊರಿಂದ ದೂರ ಇದ್ದೀರಿ. ಮನೆಗೆ ಟೈಲ್ಸ್ ಹಾಕಿಸೋಕೆ, ಸೀಲಿಂಗ್ ಮಾಡಿಸೋಕೆ ದುಡ್ಡು ಕಳಿಸ್ತೀರಿ, ಒಳ್ಳೇದೇ. ಜಗಲಿಗೆ ಖರ್ಚು ಮಾಡೋದು ಎಲ್ಲರಿಗೂ ಕಾಣುತ್ತೆ. ಹೊಗೆಕೊಳವೆಯ ಖರ್ಚು ಯಾರಿಗೂ ಕಾಣಲ್ಲ, ಅಮ್ಮನಿಗೆ ಮಾತ್ರ ಗೊತ್ತಾಗುತ್ತೆ. ಮುಂದಿನ ಸಲ ಊರಿಗೆ ಹೋದಾಗ ಅಂಗಳದಲ್ಲಿ ನಿಂತು ಮಾಡಿನ ಮೇಲೆ ನೋಡಿ. ಕೊಳವೆ ಇದೆಯಾ, ಬಾಯಿ ತೆರೆದಿದೆಯಾ, ಟೋಪಿ ಸರಿಯಾಗಿ ಕೂತಿದೆಯಾ. ಹೋಗೋಕಾಗಲ್ಲ ಅಂದ್ರೆ ಇವತ್ತೇ ಫೋನ್ ಮಾಡಿ ಒಂದು ಫೋಟೋ ಕಳಿಸೋಕೆ ಹೇಳಿ.

ನಮ್ಮಮ್ಮ ಈಗ ಚೆನ್ನಾಗಿದ್ದಾರೆ. ಮಳೆಗಾಲ ಶುರು ಆಗೋ ಹೊತ್ತಿಗೆ ಪ್ರತಿ ವರ್ಷ ನಾನು ಎಲ್ಲೇ ಕೆಲಸದಲ್ಲಿದ್ದರೂ ಅವರ ಫೋನ್ ಬರುತ್ತೆ. "ಅಪ್ಪಿ, ಟೋಪಿ ನೋಡಿದ್ಯಾ?" ಅಂತಾರೆ. ನೋಡಿದ್ದೀನಿ ಅಂದ್ರೂ ಇನ್ನೊಮ್ಮೆ ಏಣಿ ಹತ್ತಿ ನೋಡಿ ಬರ್ತೀನಿ.